ಒಂದು ಬುಟ್ಟಿ ಬಂಗುಡೆಯ ಲೆಕ್ಕ: ಮೀನುಗಾರಿಕೆ ವಿಜ್ಞಾನದಲ್ಲಿ ಇಂಟರ್ನ್‌ಶಿಪ್ ಮಾಡುವವರಿಗೆ ಸಮಗ್ರ ಮಾರ್ಗದರ್ಶಿ

ಬೆಳಗಿನ ಜಾವ ದಕ್ಕೆಗೆ (ಬೋಟಿನಿಂದ ಮೀನು ಇಳಿಸುವ ಕಟ್ಟೆಗೆ) ಹೋಗಿ ಮೀನು ತಂದದ್ದಾಯಿತು, ಲ್ಯಾಬಿನಲ್ಲಿ ಉದ್ದ, ತೂಕ ಅಳೆದದ್ದಾಯಿತು, ಹೊಟ್ಟೆ ಸೀಳಿ ನೋಡಿದ್ದೂ ಆಯಿತು. ಎರಡು ತಿಂಗಳ ಬಳಿಕ ವರದಿ ಬರೆಯಲು ಕೂತಾಗ ಮಾರ್ಗದರ್ಶಕರು ಕೇಳುತ್ತಾರೆ: ಈ ಮೀನು ಯಾವ ಬಲೆಗೆ ಬಿದ್ದದ್ದು? ಎಷ್ಟು ಆಳದಲ್ಲಿ? ಬೋಟಿಗೆ ಆ ದಿನ ಒಟ್ಟು ಎಷ್ಟು ಬಂಗುಡೆ ಸಿಕ್ಕಿತ್ತು? ಈ ಮೂರಕ್ಕೆ ಪುಸ್ತಕದಲ್ಲಿ ಉತ್ತರ ಇಲ್ಲದಿದ್ದರೆ ಅಳೆದ ನಾನ್ನೂರು ಮೀನೂ ಹೊಳೆಯಲ್ಲಿ ಹುಣಸೆ ಹಣ್ಣು ತೊಳೆದಂತೆ. ಮೀನಿನ ಹಿಂದಿನ ಕಥೆ ಬರೆದಿಡದ ಅಳತೆಯನ್ನು ಯಾವ ವಿಜ್ಞಾನಿಯೂ ಬಳಸಲಾರರು. ಅದಕ್ಕೇ ಈ ಮಾರ್ಗದರ್ಶಿಯಲ್ಲಿ ಯಂತ್ರಗಳಿಗಿಂತ ಪೆನ್ಸಿಲಿಗೆ ಹೆಚ್ಚು ಜಾಗ ಸಿಕ್ಕಿದೆ.

ಇಲ್ಲಿರುವುದು ಕರ್ನಾಟಕ ಕರಾವಳಿಯಲ್ಲಿ ಎರಡರಿಂದ ನಾಲ್ಕು ತಿಂಗಳು ಕೆಲಸ ಮಾಡುವ ಬಿ.ಎಫ್.ಎಸ್‌ಸಿ., ಬಿ.ಎಸ್‌ಸಿ. ಮತ್ತು ಎಂ.ಎಸ್‌ಸಿ. ವಿದ್ಯಾರ್ಥಿಗಳಿಗೆ ಬೇಕಾದ ಕ್ರಮ. ಉದಾಹರಣೆಗೆ ಬಂಗುಡೆಯನ್ನು ಹಿಡಿದುಕೊಂಡಿದ್ದೇವೆ. ಅಗ್ಗ, ಸುಲಭವಾಗಿ ಸಿಗುತ್ತದೆ, ನಮ್ಮ ಕರಾವಳಿಯ ಮೀನುಗಾರಿಕೆಯ ಬೆನ್ನೆಲುಬುಗಳಲ್ಲಿ ಒಂದು.

ಮೊದಲು ಕ್ಯಾಲೆಂಡರ್ ನೋಡಿ

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದೆ. ನೀರಿನಲ್ಲಿ ಬಲೆ ಎಳೆಯುತ್ತ ಸಾಗುವ ಟ್ರಾಲ್ ಬೋಟು, ಮೀನಿನ ಹಿಂಡನ್ನು ಬಲೆಯಿಂದ ಸುತ್ತುವರಿಯುವ ಪರ್ಸೀನ್ ಬೋಟುಗಳೆಲ್ಲ ದಕ್ಕೆಯಲ್ಲಿ ಕಟ್ಟಿರುತ್ತವೆ. ಸೆಮಿಸ್ಟರ್ ಪರೀಕ್ಷೆ ಮುಗಿಸಿ ಜೂನ್‌ನಲ್ಲಿ ಬಂದು "ಟ್ರಾಲ್ ಬೋಟಿನಲ್ಲಿ ಬರುವ ಮೀನಿನ ವೈವಿಧ್ಯ" ಎಂಬ ವಿಷಯ ತೆಗೆದುಕೊಂಡವರಿಗೆ ಅಳೆಯಲು ಒಂದು ಮೀನೂ ಸಿಗುವುದಿಲ್ಲ. ಈ ತಪ್ಪು ಪ್ರತಿ ವರ್ಷ ಆಗುತ್ತದೆ.

ಜೂನ್–ಜುಲೈ ಮಾತ್ರ ಬಿಡುವಿರುವವರು ವಿಷಯವನ್ನು ಕಾಲಕ್ಕೆ ತಕ್ಕಂತೆ ಹೊಂದಿಸಿಕೊಳ್ಳಬೇಕು. ಮಳೆಗಾಲದಲ್ಲಿ ನಾಡದೋಣಿಗಳು ಕಡಲಿಗಿಳಿಯುತ್ತವೆ, ಅವು ಹಿಡಿದು ತರುವ ಮೀನು ನೋಡಬಹುದು. ಅಳಿವೆಯ ನೀರಿನ ಲವಣಾಂಶ ಮಳೆಗೆ ಹೇಗೆ ಇಳಿಯುತ್ತದೆ ಎಂದು ನೇತ್ರಾವತಿ–ಗುರುಪುರ ಅಳಿವೆಯಲ್ಲಿ ವಾರವಾರ ಅಳೆಯಬಹುದು. ಮೊದಲೇ ಶೇಖರಿಸಿಟ್ಟ ಮಾದರಿಗಳ ಹೊಟ್ಟೆಯ ಆಹಾರ ನೋಡಬಹುದು. ದಕ್ಕೆಯ ಕೆಲಸವೇ ಬೇಕೆಂದರೆ ಸೆಪ್ಟೆಂಬರ್‌ನಿಂದ ಡಿಸೆಂಬರ್ ಉತ್ತಮ ಕಾಲ: ಬೋಟುಗಳು ತುಂಬಿ ಬರುತ್ತವೆ, ಹೊಸ ತಲೆಮಾರಿನ ಬಂಗುಡೆ ಬಲೆಗೆ ಸೇರತೊಡಗಿರುತ್ತದೆ.

ಎಲ್ಲಿಗೆ ಅರ್ಜಿ ಹಾಕುವುದು

ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ, ಎಲ್ಲರ ಬಾಯಲ್ಲಿ ಸಿಎಂಎಫ್‌ಆರ್‌ಐ, ಸ್ಥಾಪನೆಯಾದದ್ದು 1947ರಲ್ಲಿ. ಕೇಂದ್ರ ಕಚೇರಿ ಕೊಚ್ಚಿಯಲ್ಲಿದ್ದರೂ ಮಂಗಳೂರು ಮತ್ತು ಕಾರವಾರದಲ್ಲಿ ಅದರ ಕೇಂದ್ರಗಳಿವೆ. ಹಿಡಿದ ಮೀನಿನ ಪ್ರಮಾಣದ ಅಂದಾಜು, ಮೀನಿನ ಜೀವಶಾಸ್ತ್ರ, ಪಂಜರ ಕೃಷಿ (ನೀರಿನಲ್ಲಿ ಬಲೆಯ ಪಂಜರ ಕಟ್ಟಿ ಮೀನು ಸಾಕುವುದು) ಕಲಿಯುವವರಿಗೆ ಇದು ಮೊದಲ ಆಯ್ಕೆ. ಮಂಗಳೂರಿನ ಮೀನುಗಾರಿಕಾ ಮಹಾವಿದ್ಯಾಲಯ 1969ರದು, ಈಗ ಬೀದರಿನ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿದೆ. ಮೀನಿನ ರೋಗ, ಆಹಾರ, ಸಂಸ್ಕರಣೆಯ ಕೆಲಸಕ್ಕೆ ಅಲ್ಲಿನ ವಿಭಾಗಗಳು ಚೆನ್ನ. ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗವಿದೆ. ಕಾಳಿ ಅಳಿವೆ, ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಬಂಡೆ ತೀರದ ಜೀವಿಗಳು ಅಲ್ಲಿ ಕಾಲ್ನಡಿಗೆಯ ದೂರ. ಸಾಗರ ವಿಜ್ಞಾನ ಬೇಕೆಂದರೆ ಗೋವಾದ ದೋನಾ ಪಾವ್ಲಾದಲ್ಲಿ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಇದೆ. ಬಲೆ ಮತ್ತು ಮೀನು ಸಂಸ್ಕರಣೆಯ ತಂತ್ರಜ್ಞಾನಕ್ಕೆ ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ (ಸಿಐಎಫ್‌ಟಿ), ಉಪಗ್ರಹದ ಮಾಹಿತಿಯಿಂದ ಮೀನು ಸಿಗುವ ಜಾಗದ ಮುನ್ಸೂಚನೆ ಕೊಡುವ ಕೆಲಸಕ್ಕೆ ಹೈದರಾಬಾದಿನ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವೆಗಳ ಕೇಂದ್ರ (ಇನ್‌ಕಾಯಿಸ್).

ಇಂಟರ್ನ್‌ಶಿಪ್ ಶುರುವಾಗುವ ಮೂರು ತಿಂಗಳ ಮೊದಲೇ ಪತ್ರ ಹೋಗಬೇಕು. ಸರ್ಕಾರಿ ಸಂಸ್ಥೆಗಳಲ್ಲಿ ಅರ್ಜಿ ವಿಜ್ಞಾನಿಯ ಮೇಜಿನಿಂದ ಕೇಂದ್ರದ ಮುಖ್ಯಸ್ಥರಿಗೆ, ಅಲ್ಲಿಂದ ಕೇಂದ್ರ ಕಚೇರಿಗೆ ಹೋಗಿ ಬರಲು ದಿನ ಹಿಡಿಯುತ್ತದೆ. ಕ್ರಮ ಹೀಗಿರಲಿ:

1. ಆ ಕೇಂದ್ರದ ವಿಜ್ಞಾನಿಗಳಲ್ಲಿ ಒಬ್ಬರ ಇತ್ತೀಚಿನ ಎರಡು ಪ್ರಬಂಧ ಓದಿ. ಪೂರ್ತಿ ಅರ್ಥವಾಗದಿದ್ದರೂ ಅವರು ಯಾವ ಮೀನು, ಯಾವ ವಿಧಾನ ಎಂಬುದು ತಿಳಿದಿರಲಿ.
2. ಅವರಿಗೆ ಒಂದು ಪುಟ ಮೀರದ ಇಮೇಲ್ ಬರೆಯಿರಿ: ಯಾವ ಕೋರ್ಸ್, ಯಾವ ವರ್ಷ, ಬರಬಲ್ಲ ದಿನಾಂಕಗಳು, ಮಾಡಬೇಕೆಂದಿರುವ ಕೆಲಸ ಎರಡು ಸಾಲಿನಲ್ಲಿ, ಈಗಾಗಲೇ ಕೈಬಂದ ಕೌಶಲ. "ನಾನು ಸಮುದ್ರವನ್ನು ಪ್ರೀತಿಸುತ್ತೇನೆ" ಎಂಬ ಸಾಲಿಗಿಂತ "ಸೂಕ್ಷ್ಮದರ್ಶಕದಲ್ಲಿ ಪ್ಲಾಂಕ್ಟನ್ (ನೀರಿನಲ್ಲಿ ತೇಲುವ ಸಣ್ಣ ಜೀವಿಗಳು) ಎಣಿಸಿದ್ದೇನೆ" ಎಂಬ ಸಾಲಿಗೆ ತೂಕ ಹೆಚ್ಚು.
3. ಅವರು ಒಪ್ಪಿದ ಮೇಲೆ ಕಾಲೇಜಿನ ಪ್ರಾಂಶುಪಾಲರ ಅಥವಾ ವಿಭಾಗದ ಮುಖ್ಯಸ್ಥರ ಪತ್ರ, ಗುರುತಿನ ಚೀಟಿ, ಅಂಕಪಟ್ಟಿ ಕಳಿಸಿ.
4. ಶುಲ್ಕ ಎಷ್ಟು, ರಾಸಾಯನಿಕದ ಖರ್ಚು ಯಾರದು, ಮೀನು ಕೊಳ್ಳುವ ಹಣ ಯಾರದು, ವಸತಿ ಇದೆಯೇ: ಈ ನಾಲ್ಕನ್ನು ಮೊದಲೇ ಬರೆದು ಕೇಳಿ. ಕೇಳಲು ನಾಚಿಕೊಂಡು ಬಂದವರು ಎರಡನೇ ವಾರದಲ್ಲಿ ಕಷ್ಟಕ್ಕೆ ಬೀಳುತ್ತಾರೆ.

ಕೊನೆಯದಾಗಿ, ದತ್ತಾಂಶ ಯಾರಿಗೆ ಸೇರಿದ್ದು ಎಂಬ ಮಾತು ಮೊದಲ ದಿನವೇ ಸ್ಪಷ್ಟವಾಗಲಿ. ಸಂಸ್ಥೆಯ ದತ್ತಾಂಶವನ್ನು ಅನುಮತಿ ಇಲ್ಲದೆ ಬೇರೆಡೆ ಪ್ರಕಟಿಸುವಂತಿಲ್ಲ.

ಪ್ರಶ್ನೆ ಚಿಕ್ಕದಿರಲಿ

"ಕರ್ನಾಟಕ ಕರಾವಳಿಯ ಬಂಗುಡೆಯ ಜೀವಶಾಸ್ತ್ರ" ಎಂಬುದು ಪಿಎಚ್‌ಡಿಗೂ ದೊಡ್ಡ ವಿಷಯ. "ಮಲ್ಪೆಯಲ್ಲಿ ಅಕ್ಟೋಬರ್–ನವೆಂಬರ್‌ನಲ್ಲಿ ಪರ್ಸೀನ್ ಬೋಟು ಮತ್ತು ಟ್ರಾಲ್ ಬೋಟು ತರುವ ಬಂಗುಡೆಯ ಗಾತ್ರದಲ್ಲಿ ವ್ಯತ್ಯಾಸವಿದೆಯೇ?" ಎಂಬುದು ಎಂಟು ವಾರದಲ್ಲಿ ಮುಗಿಯುವ ಕೆಲಸ. ಲೆಕ್ಕ ಹಾಕಿ ನೋಡಿ: ವಾರಕ್ಕೊಮ್ಮೆ ಪ್ರತಿ ಬಲೆಯಿಂದ 50 ಮೀನು, ಎರಡು ಬಲೆ, ಎಂಟು ವಾರ. ಒಟ್ಟು 800 ಮೀನಿನ ಉದ್ದ. ಇದು ಆಗುವ ಮಾತು. 800 ಮೀನಿನ ಹೊಟ್ಟೆ ಸೀಳುವುದು ಆಗದ ಮಾತು. ಇಬ್ಬರು ಸೇರಿ 50 ಮೀನು ಸೀಳಿ ನೋಡಿ ಬರೆಯಲು ಅರ್ಧ ದಿನ ಬೇಕು. ಹಾಗಾಗಿ ಉದ್ದ ಎಲ್ಲದರದ್ದು, ತೂಕ ಎಲ್ಲದರದ್ದು, ಸೀಳುವುದು ಪ್ರತಿ 1 ಸೆಂ.ಮೀ. ಗಾತ್ರವರ್ಗದಿಂದ ಐದು ಮೀನು ಎಂದು ಮೊದಲೇ ನಿಯಮ ಮಾಡಿಕೊಳ್ಳಿ.

ಚೀಲದಲ್ಲಿ ಏನಿರಬೇಕು

ಮೀನು ಅಳೆಯುವ ಹಲಗೆ: 50 ಸೆಂ.ಮೀ. ಉದ್ದದ ಹಲಗೆ, ಒಂದು ತುದಿಯಲ್ಲಿ ಮೂತಿ ತಾಗುವ ಅಡ್ಡಪಟ್ಟಿ, ನಡುವೆ ಸ್ಟೀಲ್ ಸ್ಕೇಲು. ಬಡಗಿಯಿಂದ ಮಾಡಿಸಿಕೊಂಡರೂ ನಡೆಯುತ್ತದೆ, ಆದರೆ ಸ್ಕೇಲಿನ ಸೊನ್ನೆ ಅಡ್ಡಪಟ್ಟಿಗೆ ಸರಿಯಾಗಿ ತಾಗಿರಬೇಕು. ಹೆಚ್ಚಿನ ಸ್ಕೇಲುಗಳಲ್ಲಿ ಸೊನ್ನೆಗೆ ಮೊದಲು ಐದಾರು ಮಿ.ಮೀ. ಖಾಲಿ ಇರುತ್ತದೆ. ಅದನ್ನು ಕತ್ತರಿಸದೆ ಕೂರಿಸಿದರೆ ಪ್ರತಿ ಮೀನೂ ಅಷ್ಟು ಗಿಡ್ಡವಾಗುತ್ತದೆ.

ಎಲೆಕ್ಟ್ರಾನಿಕ್ ತಕ್ಕಡಿ ಎರಡು ಬೇಕು. ಮೀನಿಗೆ 0.1 ಗ್ರಾಂ ತೋರಿಸುವುದು ಸಾಕು. ಅಂಡಾಶಯ, ವೃಷಣಗಳಿಗೆ 0.01 ಗ್ರಾಂ ತೋರಿಸುವುದೇ ಬೇಕು, ಏಕೆಂದರೆ 0.15 ಗ್ರಾಂ ಇರುವ ಎಳೆಯ ಅಂಡಾಶಯವನ್ನು ಒರಟು ತಕ್ಕಡಿ 0.2 ಎಂದರೆ ಮೂರನೇ ಒಂದು ಪಾಲು ತಪ್ಪಾಯಿತು. ಇನ್ನುಳಿದಂತೆ: ಥರ್ಮಾಕೋಲ್ ಡಬ್ಬ, ಐಸ್, ದಪ್ಪ ಪ್ಲಾಸ್ಟಿಕ್ ಚೀಲ, ಕತ್ತರಿ, ಚಿಮಟ, ಗಮ್ ಬೂಟು, ನೈಟ್ರೈಲ್ ಕೈಗವಸು, ಟ್ರೇಸಿಂಗ್ ಪೇಪರ್, ಪೆನ್ಸಿಲ್. ಬಾಲ್‌ಪೆನ್ ಬೇಡವೇ ಬೇಡ. ಅದರ ಶಾಯಿ ಆಲ್ಕೋಹಾಲಿನಲ್ಲಿ ಕರಗಿ, ಒಂದು ತಿಂಗಳಲ್ಲಿ ಬಾಟಲಿಯೊಳಗಿನ ಚೀಟಿ ಬರೀ ನೀಲಿ ಕಲೆಯಾಗಿರುತ್ತದೆ. ಚೀಟಿ ಬಾಟಲಿಯ ಒಳಗೂ ಇರಬೇಕು, ಹೊರಗೂ ಇರಬೇಕು. ಹೊರಗಿನದು ಕಿತ್ತು ಬೀಳುವುದು ಗ್ಯಾರಂಟಿ.

ದಕ್ಕೆಯಲ್ಲಿ ಮಾದರಿ ತೆಗೆಯುವ ಕ್ರಮ

ಇಡೀ ಕೆಲಸದ ಜೀವ ಇಲ್ಲಿದೆ, ಆದ್ದರಿಂದ ನಿಧಾನವಾಗಿ ಓದಿ.

ಏಲಂ ಶುರುವಾಗುವ ಮುಂಚೆ ತಲುಪಿ. ಏಲಂ ಕೂಗುವಾಗ ಯಾರಿಗೂ ಮಾತಾಡಲು ಪುರಸೊತ್ತಿಲ್ಲ, ಮುಗಿದ ಮೇಲೆ ಮೀನೇ ಇರುವುದಿಲ್ಲ. ಬೋಟು ನಡೆಸುವ ತಂಡೇಲರನ್ನು ಗೌರವದಿಂದ ಮಾತಾಡಿಸಿ: "ಅಣ್ಣಾ, ಕಾಲೇಜಿನಿಂದ ಬಂದಿದ್ದೇವೆ, ಮೀನಿನ ಅಳತೆ ಮಾಡ್ಲಿಕ್ಕೆ. ಬೋಟು ಎಷ್ಟು ದಿನ ಹೋಗಿತ್ತು? ಎಷ್ಟು ಮಾರಿನಲ್ಲಿ ಬಲೆ ಬಿಟ್ರಿ?" ಅವರು ಆಳ ಹೇಳುವುದು ಮಾರಿನಲ್ಲಿ. ಒಂದು ಮಾರು ಸುಮಾರು 1.8 ಮೀಟರ್, ಅಂದರೆ 20 ಮಾರು ಎಂದರೆ 36 ಮೀಟರ್. ಪುಸ್ತಕದಲ್ಲಿ ಅವರು ಹೇಳಿದ್ದನ್ನೇ "20 ಮಾರು" ಎಂದು ಬರೆದು, ಮೀಟರಿಗೆ ಆಮೇಲೆ ಬದಲಿಸಿ. ಸಬ್ಸಿಡಿ, ದಂಡ, ಆದಾಯದ ಪ್ರಶ್ನೆ ಎತ್ತಬೇಡಿ. ಅಧಿಕಾರಿಗಳ ಕಡೆಯವರು ಎಂದು ಅನುಮಾನ ಬಂದರೆ ಮರುದಿನದಿಂದ ಉತ್ತರವೇ ಸಿಗುವುದಿಲ್ಲ.

ಎಷ್ಟು ಬೋಟು ನೋಡಬೇಕು? ಸಿಎಂಎಫ್‌ಆರ್‌ಐ ದಶಕಗಳಿಂದ ಬಳಸುವ ಪದ್ಧತಿಯಲ್ಲಿ 15ರವರೆಗೆ ಬೋಟು ಬಂದರೆ ಎಲ್ಲವನ್ನೂ ನೋಡುತ್ತಾರೆ. ಸಂಖ್ಯೆ ಏರಿದಂತೆ ಎರಡಕ್ಕೊಂದು, ಮೂರಕ್ಕೊಂದು ಎಂದು ಹೋಗಿ, 50 ದಾಟಿದರೆ ಐದಕ್ಕೊಂದು ನೋಡುತ್ತಾರೆ. ನಿಮ್ಮ ದಿನ 40 ಬೋಟು ಬಂದಿದ್ದು ನಾಲ್ಕಕ್ಕೊಂದರಂತೆ 10 ನೋಡಿದಿರಿ, ಸರಾಸರಿ 320 ಕೆ.ಜಿ. ಬಂಗುಡೆ ಎಂದಿಟ್ಟುಕೊಳ್ಳಿ. ಆ ದಿನದ ಅಂದಾಜು 12,800 ಕೆ.ಜಿ. ಇಲ್ಲಿ ಎಲ್ಲರೂ ಎಡವುವ ಜಾಗವೊಂದಿದೆ: ಬಂಗುಡೆಯೇ ಸಿಗದೆ ಬಂದ ಬೋಟನ್ನು ಬಿಟ್ಟುಬಿಡುವುದು. ಸೊನ್ನೆಯೂ ದತ್ತಾಂಶ. ಹತ್ತರಲ್ಲಿ ಮೂರು ಬೋಟಿಗೆ ಸೊನ್ನೆ ಇದ್ದರೂ ಭಾಗಿಸಬೇಕಾದದ್ದು ಹತ್ತರಿಂದಲೇ.

ಈಗ ಬುಟ್ಟಿ. ದಡಕ್ಕೆ ಬಂದ ಮೀನನ್ನು ಹೆಂಗಸರು, ಕೆಲಸದವರು ಕ್ಷಣದಲ್ಲಿ ದೊಡ್ಡದು, ಸಣ್ಣದು ಎಂದು ಬೇರ್ಪಡಿಸುತ್ತಾರೆ. ಬೇರ್ಪಡಿಸಿದ ಬುಟ್ಟಿಯಿಂದ ತೆಗೆದ ಮಾದರಿ ಬರೀ ದೊಡ್ಡದರ ಅಥವಾ ಬರೀ ಸಣ್ಣದರ ಕಥೆ ಹೇಳುತ್ತದೆ. ಬೋಟಿನ ಮೀನು ತುಂಬುವ ಕೋಣೆಯಿಂದ ಈಗಷ್ಟೇ ಇಳಿದ, ಬೇರ್ಪಡಿಸದ ರಾಶಿಯಿಂದ ತೆಗೆಯಿರಿ. ಕೈಗೆ ಸಿಕ್ಕ ಚಂದದ ಮೀನು ಆರಿಸದೆ, ಒಂದು ಮಗ್ ಅಥವಾ ಸಣ್ಣ ಬುಟ್ಟಿಯಲ್ಲಿ ಬಾಚಿ, ಬಂದದ್ದೆಲ್ಲವನ್ನೂ ಅಳೆಯಿರಿ. ಬೇರ್ಪಡಿಸಿದ್ದೇ ಸಿಕ್ಕಿತೇ? ಎರಡೂ ಬುಟ್ಟಿಯಿಂದ ತೆಗೆದು ಪ್ರತಿಯೊಂದರ ಒಟ್ಟು ತೂಕ ಬೇರೆಬೇರೆಯಾಗಿ ಬರೆದುಕೊಳ್ಳಿ.

ಈ ಮೂರು ಸಂಖ್ಯೆ ಯಾವತ್ತೂ ಬಿಡಬೇಡಿ: ಬೋಟಿನಲ್ಲಿದ್ದ ಬಂಗುಡೆಯ ಒಟ್ಟು ತೂಕ, ಮಾದರಿಯ ತೂಕ, ಮಾದರಿಯ ಮೀನಿನ ಸಂಖ್ಯೆ. ಒಟ್ಟು 600 ಕೆ.ಜಿ., ಮಾದರಿ 5 ಕೆ.ಜಿ. ಆದರೆ ಏರಿಕೆಯ ಗುಣಕ 120. ಮಾದರಿಯಲ್ಲಿ 21ರಿಂದ 22 ಸೆಂ.ಮೀ. ವರ್ಗದಲ್ಲಿ 12 ಮೀನಿದ್ದರೆ ಆ ಬೋಟಿನಲ್ಲಿ ಅಂಥ 1,440 ಮೀನು ಎಂದು ಅಂದಾಜು. ಗುಣಕವಿಲ್ಲದೆ ಎರಡು ಬೋಟಿನ ಮೀನನ್ನು ಹಾಗೇ ಕೂಡಿಸಿದರೆ 50 ಕೆ.ಜಿ. ತಂದ ಬೋಟಿಗೂ 2,000 ಕೆ.ಜಿ. ತಂದ ಬೋಟಿಗೂ ಒಂದೇ ಬೆಲೆ ಕೊಟ್ಟಂತಾಗುತ್ತದೆ.

ಮೀನು ಐಸಿಗೆ ಹೋಗಲಿ: ಒಂದು ಪಾಲು ಮೀನಿಗೆ ಒಂದು ಪಾಲು ಪುಡಿ ಐಸ್, ಪದರ ಪದರವಾಗಿ. ಚೆನ್ನಾಗಿ ತಿಂದ ಬಂಗುಡೆ, ಬೂತಾಯಿ (ಸಾರ್ಡೀನ್) ಮೀನುಗಳ ಹೊಟ್ಟೆಯ ಕಿಣ್ವ ತಡವಾದರೆ ಹೊಟ್ಟೆಯ ಗೋಡೆಯನ್ನೇ ಕರಗಿಸುತ್ತದೆ. ಮಧ್ಯಾಹ್ನ ಬಿಚ್ಚಿದಾಗ ಹೊಟ್ಟೆ ಒಡೆದು, ಆಹಾರ ಯಾವುದು ಕರುಳು ಯಾವುದು ತಿಳಿಯುವುದಿಲ್ಲ. ಫ್ರೀಜರಿನಲ್ಲಿಟ್ಟು ನಾಳೆ ನೋಡೋಣ ಎಂದರೂ ಮೊಟ್ಟೆಗಳು ಒಡೆಯುತ್ತವೆ.

ಅಳೆದುಳಿದ ಬಂಗುಡೆಯನ್ನು ಸಾರಿಗೆ ಒಯ್ಯಬೇಡಿ. ಗಂಟೆಗಟ್ಟಲೆ ಬಿಸಿಯಲ್ಲಿದ್ದ ಬಂಗುಡೆಯಲ್ಲಿ ಹಿಸ್ಟಮಿನ್ ಬೆಳೆಯುತ್ತದೆ, ಬೇಯಿಸಿದರೂ ಅದು ಹೋಗುವುದಿಲ್ಲ.

ಗುರುತು ಹಿಡಿಯುವುದು

ಊರಿನ ಹೆಸರು ನಂಬಿ ಜಾತಿ ಬರೆಯಬೇಡಿ. ಮಂಗಳೂರಿನ ಬೂತಾಯಿ ಕಾರವಾರದಲ್ಲಿ ತಾರ್ಲೆ, ದಕ್ಷಿಣದ ಅಂಜಲ್ ಉತ್ತರದಲ್ಲಿ ಇಸ್ವಾಣ. ಒಂದೇ ಹೆಸರಿನಡಿ ಎರಡು ಮೂರು ಜಾತಿ ಸೇರಿರುವುದೂ ಉಂಟು. ಊರ ಹೆಸರನ್ನೂ ಬರೆಯಿರಿ, ಕೆಳಗೆ ವೈಜ್ಞಾನಿಕ ಹೆಸರನ್ನೂ ಬರೆಯಿರಿ.

ನಮ್ಮ ಬಂಗುಡೆ, ರಾಸ್ಟ್ರೆಲ್ಲಿಜರ್ ಕನಗುರ್ಟಾ, ಗುರುತಿಸಲು ಬಾಯಿ ತೆರೆದು ನೋಡಿ. ಕಿವಿರಿನ ಜಾಲರಿ ಕಡ್ಡಿಗಳು ಹಕ್ಕಿಯ ಗರಿಯಂತೆ ಉದ್ದವಾಗಿ, ಬಾಯಿಯೊಳಗೇ ಕಾಣುತ್ತವೆ. ಎದೆಯ ಈಜುರೆಕ್ಕೆಯನ್ನು ಮೇಲಕ್ಕೆತ್ತಿದರೆ ಅದರ ಕೆಳಅಂಚಿನ ಬಳಿ ಮೈಮೇಲೆ ಒಂದು ಕಪ್ಪು ಚುಕ್ಕಿ ಇರುತ್ತದೆ. ಎಣ್ಣೆ ಬೂತಾಯಿಯನ್ನು ಉಳಿದ ಬೂತಾಯಿಗಳಿಂದ ಬೇರ್ಪಡಿಸಲು ಹೊಟ್ಟೆಯ ಈಜುರೆಕ್ಕೆಯ ಕಡ್ಡಿ ಎಣಿಸಿ: ನಮ್ಮಲ್ಲಿ ಸಿಗುವ ಇತರ ಬೂತಾಯಿಗಳಿಗೆ ಎಂಟು, ಸಾರ್ಡಿನೆಲ್ಲಾ ಲಾಂಜಿಸೆಪ್ಸ್‌ಗೆ ಒಂಬತ್ತು. ಸೂಜಿಯಿಂದ ಬಿಡಿಸಿ ಭೂತಗನ್ನಡಿಯಲ್ಲಿ ಎಣಿಸಲು ಅರ್ಧ ನಿಮಿಷ ಸಾಕು.

ಲ್ಯಾಬಿನ ಮೇಜಿನ ಮೇಲೆ

ಮೀನಿಗೆ ಸಂಖ್ಯೆ ಕೊಡಿ. ಒಬ್ಬರು ಅಳೆದು ಗಟ್ಟಿಯಾಗಿ ಹೇಳಬೇಕು, ಇನ್ನೊಬ್ಬರು ಅದನ್ನೇ ಮರಳಿ ಹೇಳಿ ಬರೆಯಬೇಕು. "ಇಪ್ಪತ್ತೊಂದು ಎರಡು" ಎಂಬುದು 21.2 ಆದೀತು, 212 ಆದೀತು.

ಉದ್ದ ಯಾವುದೆಂದು ಮೊದಲೇ ತೀರ್ಮಾನಿಸಿ. ಮೂತಿಯ ತುದಿಯಿಂದ ಬಾಲದ ಉದ್ದದ ಕವಲಿನ ತುದಿವರೆಗೆ ಪೂರ್ಣ ಉದ್ದ, ಬಾಲದ ಕವಲೊಡೆಯುವ ನಡುವಿನವರೆಗೆ ಕವಲು ಉದ್ದ, ಬಾಲದ ಬುಡದವರೆಗೆ ಪ್ರಮಾಣ ಉದ್ದ. ಬಾಯಿ ಮುಚ್ಚಿರಬೇಕು, ಮೀನು ಬಲಮಗ್ಗುಲ ಮೇಲೆ ಮಲಗಿ ಮೂತಿ ಎಡಕ್ಕಿರಬೇಕು. ಒಬ್ಬರು ಪೂರ್ಣ ಉದ್ದ, ಇನ್ನೊಬ್ಬರು ಕವಲು ಉದ್ದ ಅಳೆದು ಒಂದೇ ಕಾಲಂನಲ್ಲಿ ತುಂಬಿಸಿದರೆ ಅದನ್ನು ಆಮೇಲೆ ಬಿಡಿಸುವ ದಾರಿಯಿಲ್ಲ. ಬಾಲ ಮುರಿದ ಮೀನಿಗೆ ಅಂದಾಜು ಹಾಕದೆ ಖಾಲಿ ಬಿಡಿ.

ಎಲ್ಲ ಜೀವಿಗೂ ಇದೇ ಅಳತೆ ನಡೆಯುವುದಿಲ್ಲ. ಪಾಂಬೊಲು ಎಂಬ ರಿಬ್ಬನ್ ಮೀನಿನ ದಾರದಂಥ ಬಾಲ ಮುರಿಯುವುದೇ ಹೆಚ್ಚು, ಅದಕ್ಕೆ ಮೂತಿಯಿಂದ ಗುದದ್ವಾರದವರೆಗೆ ಅಳೆಯುತ್ತಾರೆ. ಬೊಂಡಾಸಿಗೆ (ಸ್ಕ್ವಿಡ್) ಬೆನ್ನಿನ ಕಡೆಯ ಮೈಚೀಲದ ಉದ್ದ, ಏಡಿಗೆ ಚಿಪ್ಪಿನ ಅಗಲ, ತೊರಕೆಗೆ (ರೇ ಮೀನು) ಮೈತಟ್ಟೆಯ ಅಗಲ. ಸಿಗಡಿಗೆ ಮೂತಿಯ ಮುಳ್ಳಿನ ತುದಿಯಿಂದ ಬಾಲದ ಮೊನೆವರೆಗೆ ಚಾಚಿ ಅಳೆಯಬೇಕು.

ತೂಕ ಮಾಡುವ ಮೊದಲು ಮೀನನ್ನು ಒಣ ಬಟ್ಟೆಯಲ್ಲಿ ಒತ್ತಿ ನೀರು ತೆಗೆಯಿರಿ. ಐಸಿನ ನೀರು ಕಿವಿರಿನಲ್ಲಿ ಉಳಿದರೆ ಎರಡು ಮೂರು ಗ್ರಾಂ ಸುಳ್ಳೇ ಏರುತ್ತದೆ. ತಕ್ಕಡಿಯ ಮೇಲೆ ಫ್ಯಾನ್ ಗಾಳಿ ಬೀಳಬಾರದು. ಪ್ರತಿ ಹತ್ತು ಮೀನಿಗೊಮ್ಮೆ ಸೊನ್ನೆ ನೋಡಿ.

ಗುದದ್ವಾರದಲ್ಲಿ ಕತ್ತರಿಯ ಮೊಂಡು ತುದಿ ಇಳಿಸಿ ಕಿವಿರಿನವರೆಗೆ ಕತ್ತರಿಸಿ. ತುದಿ ಮೇಲ್ಮುಖವಾಗಿರಲಿ, ಒಳಗೆ ಚುಚ್ಚಿದರೆ ಕರುಳು ಹರಿಯುತ್ತದೆ. ಅಂಡಾಶಯ ಹಳದಿ-ಗುಲಾಬಿ, ಬೆಳೆದಂತೆ ಮರಳಿನಂಥ ಕಾಳು ಕಾಣುತ್ತದೆ. ವೃಷಣ ಬಿಳಿ, ಚಪ್ಪಟೆ, ಅಂಚು ಚೂಪು. ಬೆಳವಣಿಗೆಯ ಹಂತವನ್ನು 1ರಿಂದ 7ರವರೆಗೆ ಗುರುತಿಸುತ್ತಾರೆ: ದಾರದಂತೆ ತೆಳುವಾದ ಒಂದನೆಯ ಹಂತದಿಂದ, ಹೊಟ್ಟೆ ಒತ್ತಿದರೆ ಮೊಟ್ಟೆ ಹರಿಯುವ ಆರನೆಯ ಹಂತ, ಖಾಲಿಯಾಗಿ ಜೋತುಬಿದ್ದ, ರಕ್ತದ ಗೆರೆಗಳಿರುವ ಏಳನೆಯ ಹಂತದವರೆಗೆ. ಎರಡನೆಯದಕ್ಕೂ ಏಳನೆಯದಕ್ಕೂ ಗೊಂದಲ ಸಹಜ. ಎರಡನೆಯದು ಬಿಗಿಯಾಗಿ, ನುಣುಪಾಗಿರುತ್ತದೆ. ಏಳನೆಯದು ಸುಕ್ಕಾಗಿ, ಸಡಿಲ ಚೀಲದಂತಿರುತ್ತದೆ. ತೀರಾ ಎಳೆಯದರಲ್ಲಿ ಹೆಣ್ಣೋ ಗಂಡೋ ತಿಳಿಯದಿದ್ದರೆ "ಗುರುತಾಗದು" ಎಂದೇ ಬರೆಯಿರಿ. ಊಹಿಸಿ ತುಂಬಿಸಿದ ಲಿಂಗಾನುಪಾತ ಯಾರಿಗೂ ಬೇಡ.

ಜನನಾಂಗ ಸೂಚ್ಯಂಕ ಸರಳ: ಜನನಾಂಗದ ತೂಕವನ್ನು ಮೈತೂಕದಿಂದ ಭಾಗಿಸಿ 100ರಿಂದ ಗುಣಿಸಿ. 110.4 ಗ್ರಾಂ ಮೀನಿನಲ್ಲಿ 3.86 ಗ್ರಾಂ ಅಂಡಾಶಯವಿದ್ದರೆ 3.5. ಮೈತೂಕ ಒಳಾಂಗ ಸಹಿತವೋ ರಹಿತವೋ ಎಂಬುದನ್ನು ವರದಿಯಲ್ಲಿ ಹೇಳಲೇಬೇಕು.

ಜಠರವನ್ನು ತೆಗೆದು ಎಷ್ಟು ತುಂಬಿದೆ ಎಂದು ನೋಡಿ: ಖಾಲಿ, ಕಾಲು, ಅರ್ಧ, ಮುಕ್ಕಾಲು, ಪೂರ್ತಿ. ಒಳಗಿನದನ್ನು 5 ಪ್ರತಿಶತ ಫಾರ್ಮಲಿನ್‌ನಲ್ಲಿ ಇಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿ. ಬಂಗುಡೆಯ ಹೊಟ್ಟೆಯಲ್ಲಿ ಕೋಪೆಪಾಡ್ (ಸಿಗಡಿಯ ಬಳಗದ ಪುಟ್ಟ ಜೀವಿ), ಡಯಾಟಮ್ (ಸೂಕ್ಷ್ಮ ಪಾಚಿ) ಸಿಗುತ್ತವೆ. ಬೂತಾಯಿಯಲ್ಲಿ ನಾಣ್ಯದಂತೆ ದುಂಡಗಿನ ಕಾಸಿನೋಡಿಸ್ಕಸ್, ಪಟ್ಟಿಯಂತೆ ಜೋಡಿಸಿಕೊಂಡ ಫ್ರಾಜಿಲೇರಿಯಾ ಡಯಾಟಮ್‌ಗಳನ್ನು ನೋಡುವುದೇ ಒಂದು ಸಂತೋಷ.

ಫಾರ್ಮಲಿನ್ ಬಗ್ಗೆ ಒಂದು ಮಾತು. ಅಂಗಡಿಯಲ್ಲಿ ಸಿಗುವ ಗಟ್ಟಿ ಫಾರ್ಮಲಿನ್ 1 ಪಾಲಿಗೆ 9 ಪಾಲು ನೀರು ಸೇರಿದರೆ 10 ಪ್ರತಿಶತ. ದೊಡ್ಡ ಮೀನು ಇಡುವಾಗ ಹೊಟ್ಟೆಗೆ ಸಿರಿಂಜಿನಿಂದ ಕೊಡಬೇಕು, ಇಲ್ಲವಾದರೆ ಹೊರಗೆ ಗಟ್ಟಿಯಾಗಿ ಒಳಗೆ ಕೊಳೆಯುತ್ತದೆ. ಇದು ಕ್ಯಾನ್ಸರ್‌ಕಾರಕ: ಕಿಟಕಿ ತೆರೆದ ಜಾಗ, ಕನ್ನಡಕ, ಕೈಗವಸು ಕಡ್ಡಾಯ. ಫಾರ್ಮಲಿನ್‌ನಲ್ಲಿಟ್ಟ ಮೀನು ಕುಗ್ಗುತ್ತದೆ, ಹಾಗಾಗಿ ಅಳತೆ ಮೊದಲು, ಬಾಟಲಿ ಆಮೇಲೆ. ಡಿಎನ್‌ಎ ಕೆಲಸವಿದ್ದರೆ ಫಾರ್ಮಲಿನ್ ಮುಟ್ಟಿಸುವ ಮೊದಲೇ ರೆಕ್ಕೆಯ ಚೂರು ಕತ್ತರಿಸಿ 95 ಪ್ರತಿಶತ ಎಥನಾಲಿಗೆ ಹಾಕಿ.

ನೀರು ಮತ್ತು ಪ್ಲಾಂಕ್ಟನ್

ಲವಣಾಂಶ ಅಳೆಯುವ, ಕೈಯಲ್ಲಿ ಹಿಡಿಯುವ ರಿಫ್ರಾಕ್ಟೋಮೀಟರನ್ನು ಪ್ರತಿ ದಿನ ಬಟ್ಟಿ ಇಳಿಸಿದ ನೀರಿನಿಂದ ಸೊನ್ನೆಗೆ ತನ್ನಿ. ನಲ್ಲಿ ನೀರು ಬೇಡ. ಅಳಿವೆಯಲ್ಲಿ ಮೇಲಿನ ನೀರು ಸಿಹಿ, ತಳದ ನೀರು ಉಪ್ಪು ಇರುವುದು ಸಾಮಾನ್ಯ, ಎರಡೂ ಬೇಕು. ಉಬ್ಬರವೋ ಇಳಿತವೋ ಎಂದು ಬರೆಯದ ಲವಣಾಂಶದಿಂದ ಅಳಿವೆಯ ಬಗ್ಗೆ ಏನೂ ತಿಳಿಯುವುದಿಲ್ಲ.

ಕರಗಿದ ಆಮ್ಲಜನಕಕ್ಕೆ ವಿಂಕ್ಲರ್ ವಿಧಾನ. 125 ಮಿ.ಲೀ. ಬಾಟಲಿಗೆ ನಳಿಕೆಯ ತುದಿಯನ್ನು ತಳಕ್ಕೆ ಇಳಿಸಿ ನೀರು ತುಂಬಿಸಿ, ಹೊರಚೆಲ್ಲಲು ಬಿಡಿ. ಗುಳ್ಳೆ ಒಂದೂ ಇರಬಾರದು. ಮ್ಯಾಂಗನೀಸ್ ದ್ರಾವಣ 1 ಮಿ.ಲೀ., ಕ್ಷಾರೀಯ ಅಯೊಡೈಡ್ 1 ಮಿ.ಲೀ., ಎರಡನ್ನೂ ನೀರಿನೊಳಗೆ ಪಿಪೆಟ್ ಮುಳುಗಿಸಿ ಬಿಡಿ, ಮುಚ್ಚಿ ಅಲುಗಾಡಿಸಿ. ಕಂದು ಗಷ್ಟು ಬಂದರೆ ಆಮ್ಲಜನಕವಿದೆ, ಬಿಳಿಯಾಗಿಯೇ ಉಳಿದರೆ ಇಲ್ಲವೇ ಇಲ್ಲ. ಮುಂಗಾರಿನಲ್ಲಿ ತಳದಿಂದ ಮೇಲೇಳುವ ನೀರು ಆಮ್ಲಜನಕ ಕಡಿಮೆಯಿರುವಂಥದ್ದು, ಆಗ ಪೇಲವ ಬಣ್ಣ ಕಂಡರೆ ನಿಮ್ಮ ತಪ್ಪು ಎಂದು ಗಾಬರಿ ಬೀಳಬೇಡಿ. ಲ್ಯಾಬಿನಲ್ಲಿ ಗಟ್ಟಿ ಗಂಧಕಾಮ್ಲ ಸೇರಿಸಿ ಗಷ್ಟು ಕರಗಿಸಿ, ಥಯೋಸಲ್ಫೇಟಿನಿಂದ ಟೈಟ್ರೇಟ್ ಮಾಡಿ. ಪಿಷ್ಟವನ್ನು ದ್ರಾವಣ ತಿಳಿ ಹಳದಿಗೆ ಬಂದ ಮೇಲೆಯೇ ಹಾಕಬೇಕು. ಮೊದಲೇ ಹಾಕಿದರೆ ಅಯೋಡಿನ್ ಅದಕ್ಕೆ ಅಂಟಿ, ನೀಲಿ ಹೋಗಿ ಮತ್ತೆ ಬರುತ್ತಿರುತ್ತದೆ.

ಪ್ಲಾಂಕ್ಟನ್ ಬಲೆಗೆ ಪ್ರವಾಹಮಾಪಕ ಇಲ್ಲದಿದ್ದರೆ ಸೋಸಿದ ನೀರಿನ ಅಂದಾಜು ಹೀಗೆ: ಬಾಯಿಯ ವ್ಯಾಸ 50 ಸೆಂ.ಮೀ. ಇದ್ದರೆ ವಿಸ್ತೀರ್ಣ 0.196 ಚದರ ಮೀಟರ್. 2 ನಾಟ್ ವೇಗದಲ್ಲಿ 10 ನಿಮಿಷ ಎಳೆದರೆ 617 ಮೀಟರ್, ಸೋಸಿದ ನೀರು ಸುಮಾರು 121 ಘನ ಮೀಟರ್. ಬಲೆ ಕಟ್ಟಿಕೊಂಡರೆ ನೀರು ಬಾಯಿಯಿಂದಲೇ ಹೊರಚೆಲ್ಲಿ ಈ ಲೆಕ್ಕ ಹೆಚ್ಚು ತೋರಿಸುತ್ತದೆ. ಹೊಳೆಬಾಯಿಯ ಕೆಸರು ನೀರಿನಲ್ಲಿ ಮೂರು ನಿಮಿಷ ಮೀರಿ ಎಳೆಯಬೇಡಿ.

ಮುಟ್ಟಬಾರದ್ದು, ಹೋಗಬಾರದ್ದು

ಬಲೆಗೆ ಸಿಕ್ಕಿ ಬಂದದ್ದೆಲ್ಲ ಮಾದರಿಯಲ್ಲ. ಕಡಲಾಮೆ, ತಿಮಿಂಗಿಲ ಶಾರ್ಕ್, ಗರಗಸ ಮೀನು, ಕಡಲಕುದುರೆ, ಕಡಲ ಸೌತೆ, ಹವಳ ಇವಕ್ಕೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಸತ್ತ ಕಡಲಕುದುರೆಯನ್ನು ನೆನಪಿಗೆಂದು ಚೀಲಕ್ಕೆ ಹಾಕಿಕೊಂಡರೂ ಅಪರಾಧ. ಜಾಗ, ಸಮಯ ಬರೆದುಕೊಂಡು ಮಾರ್ಗದರ್ಶಕರ ಮೂಲಕ ಅರಣ್ಯ ಇಲಾಖೆಗೆ ತಿಳಿಸಿ. ಕಾರವಾರದಲ್ಲಿ ನೌಕಾನೆಲೆ ಇರುವುದರಿಂದ ಎಲ್ಲಿ ದೋಣಿ ಒಯ್ಯಬಹುದು, ಎಲ್ಲಿ ಫೋಟೊ ತೆಗೆಯಬಹುದು ಎಂದು ಸಂಸ್ಥೆಯಲ್ಲಿ ಕೇಳದೆ ಹೊರಡಬೇಡಿ.

ಟ್ರಾಲ್ ರಾಶಿಗೆ ಬರಿಗೈ ಹಾಕಬೇಡಿ. ಕಡಲ ಹಾವು ಅದರಲ್ಲಿ ಜೀವಂತ ಇರುತ್ತದೆ, ವಿಷವೂ ಇರುತ್ತದೆ. ತೊರಕೆಯ ಬಾಲದ ಮುಳ್ಳು ಚುಚ್ಚಿದರೆ ಗಾಯವನ್ನು ಸಹಿಸಬಲ್ಲಷ್ಟು ಬಿಸಿಯ, 45 ಡಿಗ್ರಿ ಸೆಲ್ಸಿಯಸ್ ಮೀರದ ನೀರಿನಲ್ಲಿ ಅರ್ಧ ಗಂಟೆಗೂ ಹೆಚ್ಚು ಮುಳುಗಿಸಿ, ಕೂಡಲೇ ಆಸ್ಪತ್ರೆಗೆ ಹೋಗಿ. ಆಳವಾಗಿ ನಾಟಿದ ಮುಳ್ಳನ್ನು ಎಳೆಯಬೇಡಿ. ದೋಣಿಯಲ್ಲಿ ಲೈಫ್ ಜಾಕೆಟ್ ತೆಗೆಯುವಂತಿಲ್ಲ, ಎಷ್ಟೇ ಸೆಖೆ ಇರಲಿ.

ಕಂಪ್ಯೂಟರಿಗೆ ಹಾಕುವಾಗ

ಅಳೆದ ದಿನವೇ ಟೈಪ್ ಮಾಡಿ. ಒಂದು ಸಾಲಿಗೆ ಒಂದು ಮೀನು. ಮಾದರಿಯ ಸಂಖ್ಯೆ, ದಿನಾಂಕ, ಬಂದರು, ಬಲೆ ಪ್ರತಿ ಸಾಲಿನಲ್ಲೂ ಇರಲಿ. ಬಣ್ಣ ಹಚ್ಚಿ ಅರ್ಥ ಕೊಡಬೇಡಿ, ಬೇರೆ ಸಾಫ್ಟ್‌ವೇರ್ ಬಣ್ಣ ಓದುವುದಿಲ್ಲ. ಅಳೆಯದ್ದಕ್ಕೆ ಖಾಲಿ, ಇಲ್ಲದ್ದಕ್ಕೆ ಸೊನ್ನೆ. ಇವೆರಡೂ ಬೇರೆ.

ಮೊದಲ ಚಿತ್ರ ಉದ್ದ ಮತ್ತು ತೂಕದ್ದಿರಲಿ. ತೂಕವು ಉದ್ದದ ಸುಮಾರು ಮೂರನೇ ಘಾತಕ್ಕೆ ತಕ್ಕಂತೆ ಏರುತ್ತದೆ: ಉದ್ದ ಎರಡರಷ್ಟಾದರೆ ತೂಕ ಸುಮಾರು ಎಂಟರಷ್ಟು. ಎರಡಕ್ಕೂ ಲಾಗರಿದಮ್ ತೆಗೆದರೆ ಚುಕ್ಕಿಗಳು ಒಂದು ಗೆರೆಯ ಮೇಲೆ ಕೂರುತ್ತವೆ. ಗೆರೆಯಿಂದ ದೂರ ಬಿದ್ದ ಚುಕ್ಕಿಯ ಸಾಲನ್ನು ಮೂಲ ಪುಸ್ತಕದಲ್ಲಿ ಹುಡುಕಿ. ಹತ್ತರಲ್ಲಿ ಒಂಬತ್ತು ಸಲ ಅಲ್ಲಿ ದಶಾಂಶ ಬಿಂದು ಜಾರಿರುತ್ತದೆ ಅಥವಾ ಎರಡು ಮೀನಿನ ಸಂಖ್ಯೆ ಅದಲುಬದಲಾಗಿರುತ್ತದೆ. ಪುಸ್ತಕದಲ್ಲಿ ಸರಿಯಾಗಿದ್ದರೆ ಆ ಮೀನನ್ನು ಅಳಿಸಬೇಡಿ. ಘಾತ 3ರಿಂದ ಬಹಳ ಆಚೀಚೆ ಹೋದರೆ ಮೀನಿನಲ್ಲಿ ವಿಶೇಷ ಹುಡುಕುವ ಮೊದಲು ನಿಮ್ಮ ಮಾದರಿಯ ಗಾತ್ರದ ಹರವು ನೋಡಿ. 19ರಿಂದ 22 ಸೆಂ.ಮೀ. ಮೀನು ಮಾತ್ರ ಇದ್ದರೆ ಆ ಗೆರೆಗೆ ನಿಲ್ಲಲು ನೆಲವೇ ಇರುವುದಿಲ್ಲ.

ವರದಿ

ವಿಧಾನದ ಅಧ್ಯಾಯವನ್ನು ಎರಡನೇ ವಾರದಲ್ಲೇ ಬರೆಯಿರಿ, ಕೈ ಇನ್ನೂ ಮೀನು ನಾರುತ್ತಿರುವಾಗ. ಫಲಿತಾಂಶದಲ್ಲಿ ಪ್ರತಿ ಚಿತ್ರದ ಕೆಳಗೆ ಮೀನಿನ ಸಂಖ್ಯೆ ಕೊಡಿ. ಎಂಟು ವಾರದ ಮಾದರಿಯಿಂದ "ಬಂಗುಡೆ ಕಡಿಮೆಯಾಗುತ್ತಿದೆ" ಎಂದು ಬರೆಯಬೇಡಿ. ಎಳೆಯ ಮೀನಿನ ಪಾಲು ಎಷ್ಟಿತ್ತು ಎಂದು ಬರೆಯಿರಿ. ಕೇರಳದಲ್ಲಿ ಬಂಗುಡೆಗೆ 14 ಸೆಂ.ಮೀ., ಎಣ್ಣೆ ಬೂತಾಯಿಗೆ 10 ಸೆಂ.ಮೀ. ಕನಿಷ್ಠ ಕಾನೂನುಬದ್ಧ ಗಾತ್ರ ಗೊತ್ತುಮಾಡಿದ್ದಾರೆ. ನಿಮ್ಮ ಮಾದರಿಯಲ್ಲಿ ಅದಕ್ಕಿಂತ ಚಿಕ್ಕದು ಯಾವ ಬಲೆಯಲ್ಲಿ ಎಷ್ಟು ಬಂತು ಎಂಬ ಒಂದು ಕೋಷ್ಟಕ, ಅದೂ ತೂಕದಿಂದ ಏರಿಸಿದ ಲೆಕ್ಕದಲ್ಲಿ, ಇಡೀ ವರದಿಯ ಬಹು ಉಪಯುಕ್ತ ಪುಟವಾಗಬಹುದು.

ಬಿಡುವ ದಿನ ಮೂಲ ಪುಸ್ತಕವನ್ನು ಕೇಂದ್ರದಲ್ಲೇ ಬಿಟ್ಟು, ಪುಟಪುಟದ ಫೋಟೊ ನೀವು ಇಟ್ಟುಕೊಳ್ಳಿ. ಬಾಟಲಿಗಳ ಪಟ್ಟಿ ಮಾಡಿ ಯಾವ ಕಪಾಟಿನಲ್ಲಿದೆ ಎಂದು ಬರೆದುಕೊಡಿ. ಕನ್ನಡದಲ್ಲಿ ಒಂದು ಪುಟ, ಎರಡು ಚಿತ್ರ ಮುದ್ರಿಸಿ, ಎಂಟು ವಾರ ಮೀನು ಕೊಟ್ಟ ತಂಡೇಲರ ಕೈಗೂ, ಬುಟ್ಟಿ ಮುಂದಿಟ್ಟುಕೊಂಡು ಅಳೆಯಲು ಬಿಟ್ಟ ಅಕ್ಕಂದಿರ ಕೈಗೂ ಕೊಟ್ಟು ಬನ್ನಿ. ಚಿತ್ರ ನೋಡಿ ಅವರು "ಇದು ದೀಪಾವಳಿ ಕಳೆದ ಮೇಲಿನ ಮೀನು ಅಲ್ವಾ?" ಎಂದು ಕೇಳಿದರೆ ಪೆನ್ಸಿಲ್ ತೆಗೆದು ಅದನ್ನೂ ಬರೆದುಕೊಳ್ಳಿ.